ಕರೆಂಟ್ ಹೋದ ಮೇಲೆ ಡ್ರೈವರ್ ಲೋಡ್ ಆಗುತ್ತಿಲ್ಲ: ಲಿನಕ್ಸ್ ಮಾಡ್ಯೂಲ್‌ಗಳಿಗೆ ಏನು ಕೊರತೆ, ಎಲ್ಲಿ ಹುಡುಕುವುದು?

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ನಮ್ಮದು ಸಣ್ಣ ಅಡಿಕೆ ವ್ಯಾಪಾರ. ಬಿಲ್ ಮಾಡುವ ಹಳೇ ಕಂಪ್ಯೂಟರಿನಲ್ಲಿ ಡೆಬಿಯನ್ 12 ಇದೆ. ಎಲೆಕ್ಟ್ರಾನಿಕ್ ತಕ್ಕಡಿಯನ್ನು ಯುಎಸ್‌ಬಿ-ಸೀರಿಯಲ್ ಕೇಬಲ್‌ನಲ್ಲಿ ಅದಕ್ಕೆ ಜೋಡಿಸಿದ್ದೇವೆ. ಹೋದ ವಾರ ಅಪ್‌ಗ್ರೇಡ್ ಮುಗಿಯುವ ಹೊತ್ತಿಗೆ ಸರಿಯಾಗಿ ಮಳೆಗೆ ಕರೆಂಟ್ ಹೋಯಿತು, ಯುಪಿಎಸ್ ಕೂಡ ಕೈಕೊಟ್ಟಿತು. ಮತ್ತೆ ಆನ್ ಮಾಡಿದಾಗಿನಿಂದ ತಕ್ಕಡಿಯ ತೂಕ ಬರುತ್ತಿಲ್ಲ, ಸ್ಪೀಕರ್‌ನಲ್ಲೂ ಸದ್ದಿಲ್ಲ. ಮಾಡ್‌ಪ್ರೋಬ್ ಕೊಟ್ಟರೆ ‘ಮಾಡ್ಯೂಲ್ ಸಿಎಚ್341 ನಾಟ್ ಫೌಂಡ್’ ಎನ್ನುತ್ತದೆ. ಫೈಲ್ ಮಾತ್ರ ಫೋಲ್ಡರ್‌ನಲ್ಲಿ ಕಣ್ಣೆದುರೇ ಇದೆ! ಅದನ್ನೇ ಇನ್ಸ್‌ಮಾಡ್‌ಗೆ ಕೊಟ್ಟರೆ ‘ಅನ್‌ನೋನ್ ಸಿಂಬಲ್ ಇನ್ ಮಾಡ್ಯೂಲ್’. ಇದಕ್ಕೂ ಮುಂಚಿನ ಇನ್ನೊಂದು ತಾಪತ್ರಯ ವೈಫೈ ಡಾಂಗಲ್‌ನದು. ಅದು ಮೊದಲಿನಿಂದಲೂ ಕೆಲಸ ಮಾಡಿಲ್ಲ. ಶಿವಮೊಗ್ಗದ ಸ್ನೇಹಿತರೊಬ್ಬರ ಉಬುಂಟು ಲ್ಯಾಪ್‌ಟಾಪ್‌ನಿಂದ ಅದರ ಡ್ರೈವರ್ ಫೈಲ್ ಪೆನ್‌ಡ್ರೈವ್‌ನಲ್ಲಿ ತಂದು ಹಾಕಿದ್ದಕ್ಕೆ ‘ಇನ್‌ವ್ಯಾಲಿಡ್ ಮಾಡ್ಯೂಲ್ ಫಾರ್ಮ್ಯಾಟ್’ ಎಂದು ಬಂತು. ಫೋರ್ಸ್ ಮಾಡಿ ಲೋಡ್ ಮಾಡಬಹುದೇ? ಅಂಗಡಿಯಲ್ಲಿ ಇಂಟರ್‌ನೆಟ್ ಅಂದರೆ ಮೊಬೈಲಿನದ್ದು ಮಾತ್ರ.

ಉತ್ತರ:

ಫೋರ್ಸ್ ಖಂಡಿತ ಬೇಡ. ಏಕೆ ಬೇಡ ಎನ್ನುವುದನ್ನು ವೈಫೈ ವಿಷಯಕ್ಕೆ ಬಂದಾಗ ಹೇಳುತ್ತೇನೆ.

ನಿಮ್ಮ ಎರಡು ತೊಂದರೆಗಳು ಮೇಲ್ನೋಟಕ್ಕೆ ಒಂದೇ ತರಹ ಕಾಣುತ್ತವೆ, ಆದರೆ ಬೇರು ಬೇರೆ ಬೇರೆ. ತಕ್ಕಡಿಯ ವಿಷಯದಲ್ಲಿ ಡ್ರೈವರ್ ಇದೆ, ಅದಕ್ಕೆ ಬೇಕಾದ ಜೊತೆ ಮಾಡ್ಯೂಲ್‌ಗಳೂ ಇವೆ. (ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಬೇಕಾದಾಗ ಸೇರಿಸುವ ತಂತ್ರಾಂಶದ ತುಂಡುಗಳೇ ಮಾಡ್ಯೂಲ್‌ಗಳು; ಡ್ರೈವರ್ ಕೂಡ ಅಂಥದ್ದೊಂದು ತುಂಡು.) ಯಾವುದಕ್ಕೆ ಯಾವುದು ಬೇಕು ಎಂಬ ಪಟ್ಟಿ ಹಾಳಾಗಿದೆ. ವೈಫೈ ವಿಷಯದಲ್ಲಿ ನಿಮ್ಮ ಕರ್ನಲ್‌ಗೆ ಆ ಡ್ರೈವರ್ ಬಂದೇ ಇಲ್ಲ. ಮೊದಲನೆಯದು ಹತ್ತು ನಿಮಿಷದ ಕೆಲಸ. ಎರಡನೆಯದಕ್ಕೆ ಸ್ವಲ್ಪ ಮೊಬೈಲ್ ಡೇಟಾ ಮತ್ತು ಅಂಗಡಿ ಬಾಗಿಲು ಹಾಕಿದ ಮೇಲಿನ ಒಂದು ಸಂಜೆ ಬೇಕು.

ಕೆಳಗಿನ ಆಜ್ಞೆಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪ್ ಮಾಡಿಕೊಳ್ಳಿ.

ಇವತ್ತಿನ ವ್ಯಾಪಾರ ನಿಲ್ಲಬಾರದು ಅಂತಿದ್ದರೆ ಮೊದಲು ಇಷ್ಟು ಮಾಡಿ. ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ಯಾವ ಕರ್ನಲ್ ಬೂಟ್ ಮಾಡಬೇಕೆಂದು ಕೇಳುವ ಗ್ರಬ್ ಮೆನು ಬಂದಾಗ ‘ಅಡ್ವಾನ್ಸ್‌ಡ್ ಆಪ್ಷನ್ಸ್’ಗೆ ಹೋಗಿ, ಅಲ್ಲಿ ಕಾಣುವ ಎರಡನೇ ಕರ್ನಲ್, ಅಂದರೆ ಅಪ್‌ಗ್ರೇಡ್‌ಗೆ ಮುಂಚಿನದು, ಅದನ್ನು ಆರಿಸಿ. ಡೆಬಿಯನ್ ಹಳೆಯ ಕರ್ನಲ್ ಒಂದನ್ನು ಇಟ್ಟುಕೊಂಡೇ ಹೊಸದನ್ನು ಹಾಕುತ್ತದೆ. ಪ್ರತಿ ಕರ್ನಲ್‌ಗೂ /ಲಿಬ್/ಮಾಡ್ಯೂಲ್ಸ್ ಅಡಿಯಲ್ಲಿ ತನ್ನದೇ ಫೋಲ್ಡರ್, ತನ್ನದೇ ಪಟ್ಟಿ ಇರುತ್ತದೆ. ಹಾಗಾಗಿ ಹಳೆಯದರಲ್ಲಿ ತಕ್ಕಡಿ ಎಂದಿನಂತೆ ಓದಿಸಿಕೊಳ್ಳಬೇಕು. ಓದಿಸಿಕೊಂಡರೆ ಕೇಬಲ್, ತಕ್ಕಡಿ ಎರಡೂ ಸರಿ ಇವೆ ಎಂಬುದೂ ಖಾತ್ರಿಯಾಯಿತು. ಒಂದೇ ಎಚ್ಚರಿಕೆ: ಈ ಸ್ಥಿತಿಯಲ್ಲಿ ‘ಆಪ್ಟ್ ಆಟೋರಿಮೂವ್’ ಕೊಡಲು ಹೋಗಬೇಡಿ, ಹಳೆಯ ಕರ್ನಲ್ ಅಳಿಸಿಹೋಗಬಹುದು.

ಈಗ ಒಳಗೆ ಏನಾಗಿದೆ ನೋಡೋಣ. ಕೊನೆಗೌಡ (ಅಡಿಕೆ ಕೊಯ್ಯುವವ) ಮರ ಹತ್ತಿ ಕೊನೆ (ಅಡಿಕೆ ಗೊಂಚಲು) ಕೊಯ್ದರೂ ಕೆಳಗೆ ಹಗ್ಗ ಹಿಡಿಯುವವನಿಲ್ಲದಿದ್ದರೆ ಕೊಯ್ಲು ಸಾಗುವುದಿಲ್ಲವಲ್ಲ, ಸಿಎಚ್341 ಮಾಡ್ಯೂಲಿನ ಸ್ಥಿತಿಯೂ ಹಾಗೇ. ಅದಕ್ಕೆ ನಿಮ್ಮ ಕೇಬಲ್‌ನಲ್ಲಿರುವ ಅದೇ ಹೆಸರಿನ ಚಿಪ್‌ನ ಜೊತೆ ಮಾತಾಡುವುದಷ್ಟೇ ಗೊತ್ತು. ಟಿಟಿವೈ ಪೋರ್ಟ್ (ತಂತ್ರಾಂಶಗಳು ಸೀರಿಯಲ್ ಡೇಟಾ ಓದುವ ದ್ವಾರ) ತೆರೆಯುವುದು, ಡೇಟಾ ಬಫರ್ ನೋಡಿಕೊಳ್ಳುವುದು, ಕೇಬಲ್ ಕಿತ್ತಾಗ ಪೋರ್ಟ್ ಮುಚ್ಚುವುದು, ಇವೆಲ್ಲ ಯುಎಸ್‌ಬಿಸೀರಿಯಲ್ ಎಂಬ ಇನ್ನೊಂದು ಮಾಡ್ಯೂಲಿನ ಕೆಲಸ. ಪಿಎಲ್2303, ಎಫ್‌ಟಿಡಿಐ ಚಿಪ್‌ಗಳ ಕೇಬಲ್‌ಗಳಿಗೂ ಇದೇ ಆಧಾರ. ಆ ಮಾಡ್ಯೂಲ್ ‘ಯುಎಸ್‌ಬಿ_ಸೀರಿಯಲ್_ರಿಜಿಸ್ಟರ್_ಡ್ರೈವರ್ಸ್’ ಎಂಬಂಥ ಹೆಸರಿನ ಫಂಕ್ಷನ್‌ಗಳನ್ನು ಹೊರಗಿನವರಿಗೆ ಒದಗಿಸುತ್ತದೆ. ಹೀಗೆ ಒದಗಿಸಿದ ಹೆಸರುಗಳೇ ಸಿಂಬಲ್‌ಗಳು. ಸಿಎಚ್341 ಲೋಡ್ ಆಗುವ ಕ್ಷಣದಲ್ಲಿ ಆ ಹೆಸರುಗಳು ಕರ್ನಲ್‌ನ ಮೆಮೊರಿಯಲ್ಲಿ ಆಗಲೇ ಇರಬೇಕು. ಇಲ್ಲದಿದ್ದರೆ ‘ಅನ್‌ನೋನ್ ಸಿಂಬಲ್’.

ಇನ್ಸ್‌ಮಾಡ್ ಬಹಳ ಮೊಂಡ ಉಪಕರಣ. ಕೊಟ್ಟ ಒಂದು ಫೈಲನ್ನು ಕರ್ನಲ್‌ಗೆ ದಾಟಿಸುವುದಷ್ಟೇ ಅದರ ಕೆಲಸ, ಅದಕ್ಕೆ ಇನ್ನೇನು ಬೇಕು ಎಂದು ಅದು ನೋಡುವುದಿಲ್ಲ. ಮಾಡ್‌ಪ್ರೋಬ್ ಹಾಗಲ್ಲ. ಅದು ಮಾಡ್ಯೂಲ್ಸ್.ಡೆಪ್ ಎಂಬ ಪಟ್ಟಿ ಓದಿ, ಜೊತೆಗೆ ಬೇಕಾದವನ್ನೆಲ್ಲ ಕ್ರಮವಾಗಿ ಮೊದಲು ಲೋಡ್ ಮಾಡಿ, ಆಮೇಲೆ ಕೇಳಿದ್ದನ್ನು ಲೋಡ್ ಮಾಡುತ್ತದೆ. ಆ ಪಟ್ಟಿ ತಯಾರಿಸುವುದು ಡೆಪ್‌ಮಾಡ್. ಪ್ರತಿ ಕೆಒ ಫೈಲ್ (ಅಂದರೆ ಮಾಡ್ಯೂಲಿನ ಫೈಲ್) ತೆರೆದು, ಯಾವುದು ಯಾವ ಸಿಂಬಲ್ ಒದಗಿಸುತ್ತದೆ, ಯಾವುದಕ್ಕೆ ಯಾವ ಸಿಂಬಲ್ ಬೇಕು ಎಂದು ತಾಳೆ ನೋಡಿ ಅದು ಪಟ್ಟಿ ಬರೆಯುತ್ತದೆ. ಯುಎಸ್‌ಬಿ ಐಡಿ ನೋಡಿ ತಾನಾಗಿಯೇ ಡ್ರೈವರ್ ಆರಿಸಲು ಬೇಕಾದ ಮಾಡ್ಯೂಲ್ಸ್.ಅಲಿಯಾಸ್ ಫೈಲ್ ಕೂಡ ಇದೇ ಡೆಪ್‌ಮಾಡ್ ಬರೆಯುವಂಥದ್ದು.

ಕರೆಂಟ್ ಹೋದಾಗ ಪೆಟ್ಟು ಬಿದ್ದದ್ದು ಇಲ್ಲೇ ಎಂದು ನನ್ನ ಅಂದಾಜು. ಡಿಸ್ಕ್‌ಗೆ ಬರೆದಾಯಿತು ಎಂದು ಪರದೆ ಹೇಳಿದ ಮೇಲೂ ಡೇಟಾ ಕೆಲವು ಸೆಕೆಂಡು ರ‍್ಯಾಮ್‌ನಲ್ಲೇ ಉಳಿದಿರುತ್ತದೆ. ಆ ಹೊತ್ತಿಗೆ ವಿದ್ಯುತ್ ಹೋದರೆ ಫೈಲಿನ ಹೆಸರು ಮಾತ್ರ ಉಳಿದು ಒಳಗೆ ಸೊನ್ನೆ ಬೈಟ್ ಇರಬಹುದು. ನೀವು ಬರೆದ ಲಕ್ಷಣಗಳಲ್ಲಿ ನನಗೆ ಸುಳಿವು ಕೊಟ್ಟದ್ದು ಸ್ಪೀಕರ್. ತಕ್ಕಡಿಯ ಡ್ರೈವರ್ ಒಂದೇ ಕೆಟ್ಟಿದ್ದರೆ ಸದ್ದು ನಿಲ್ಲಲು ಕಾರಣವಿಲ್ಲ. ಸಂಬಂಧವೇ ಇಲ್ಲದ ಎರಡು ಸಾಧನಗಳು ಒಂದೇ ದಿನ ಕಾಣೆಯಾದರೆ ಇಬ್ಬರಿಗೂ ಸೇರಿದ ಪಟ್ಟಿಯನ್ನು ಅನುಮಾನಿಸಬೇಕು. ಪೆನ್‌ಡ್ರೈವ್ ಒಂದನ್ನು ಚುಚ್ಚಿ ನೋಡಿ; ‘ಅನ್‌ನೋನ್ ಫೈಲ್‌ಸಿಸ್ಟಂ ಟೈಪ್ ವಿಫ್ಯಾಟ್’ ಎಂದು ಬಂದರೆ ಅದೂ ಇದೇ ರೋಗದ ಲಕ್ಷಣ, ಏಕೆಂದರೆ ವಿಫ್ಯಾಟ್ ಕೂಡ ಒಂದು ಮಾಡ್ಯೂಲ್.

ಹಾಗಾದರೆ ಕಂಪ್ಯೂಟರ್ ಬೂಟ್ ಆದದ್ದು ಹೇಗೆ, ಡಿಸ್ಕ್‌ಗೂ ಡ್ರೈವರ್ ಬೇಕಲ್ಲ ಎಂದು ನೀವು ಕೇಳಬಹುದು. ಬೂಟ್ ಆಗುವಾಗ ಮೊದಲು ತೆರೆದುಕೊಳ್ಳುವ ಇನಿಟ್‌ರ‍್ಯಾಮ್‌ಎಫ್‌ಎಸ್ ಎಂಬ ಪುಟ್ಟ ಕಟ್ಟಿನಲ್ಲಿ ಡಿಸ್ಕ್, ಕೀಬೋರ್ಡ್ ಮುಂತಾದ ಅಗತ್ಯದ ಮಾಡ್ಯೂಲ್‌ಗಳ ಪ್ರತಿ, ಅವಕ್ಕೆ ಬೇಕಾದ ಪಟ್ಟಿಯ ಪ್ರತಿ ಬೇರೆಯೇ ಇರುತ್ತದೆ. ಅದು ಸರಿಯಾಗಿದೆ, ಹಾಗಾಗಿ ಡೆಸ್ಕ್‌ಟಾಪ್ ತನಕ ಬಂದಿದ್ದೀರಿ.

ಸರಿಪಡಿಸುವ ಕ್ರಮ ಹೀಗೆ. ಹೊಸ ಕರ್ನಲ್‌ನಲ್ಲಿ ಬೂಟ್ ಮಾಡಿ ‘ಯುನೇಮ್ -ಆರ್’ ಕೊಡಿ. ಬರುವ ಹೆಸರು, 6.1.0 ಎಂದು ಶುರುವಾಗಿ ಎಎಂಡಿ64 ಎಂದು ಮುಗಿಯುವಂಥದ್ದು, ಅದನ್ನು ಬರೆದಿಟ್ಟುಕೊಳ್ಳಿ. ‘ಎಲ್‌ಎಸ್ -ಎಲ್ /ಲಿಬ್/ಮಾಡ್ಯೂಲ್ಸ್/’ ಮುಂದೆ ಆ ಹೆಸರು ಸೇರಿಸಿ ಫೋಲ್ಡರ್ ನೋಡಿ. ಮಾಡ್ಯೂಲ್ಸ್.ಡೆಪ್ ಮತ್ತು ಮಾಡ್ಯೂಲ್ಸ್.ಡೆಪ್.ಬಿನ್ ಎರಡೂ ಇರಬೇಕು, ಗಾತ್ರ ನೂರಾರು ಕೆಬಿಯಲ್ಲಿ ಇರಬೇಕು. ಸೊನ್ನೆ ಇದ್ದರೆ ಅಥವಾ ಫೈಲೇ ಇಲ್ಲದಿದ್ದರೆ ಅನುಮಾನ ನಿಜವಾಯಿತು. ಮಾಡ್‌ಪ್ರೋಬ್ ನಿಜಕ್ಕೂ ಓದುವುದು ಬಿನ್ ಇರುವುದನ್ನು. ಇನ್ನೊಂದು ನಮ್ಮಂಥವರು ಓದಲಿಕ್ಕೆ.

ಆಮೇಲೆ ‘ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ’. ಅರ್ಧಕ್ಕೆ ನಿಂತ ಪ್ಯಾಕೇಜ್‌ಗಳೇನಾದರೂ ಇದ್ದರೆ ಇದು ಮುಗಿಸುತ್ತದೆ. ನಂತರ ‘ಡಿಪಿಕೆಜಿ -ವಿ ಲಿನಕ್ಸ್-ಇಮೇಜ್-’ ಮುಂದೆ ನಿಮ್ಮ ಕರ್ನಲ್ ಹೆಸರು. ಇಲ್ಲಿ ವಿ ಮಾತ್ರ ದೊಡ್ಡಕ್ಷರ. ಈ ಆಜ್ಞೆ ಪ್ಯಾಕೇಜಿನ ಪ್ರತಿ ಫೈಲಿನ ಚೆಕ್‌ಸಮ್ (ಒಳಗಿನ ಡೇಟಾದಿಂದ ಲೆಕ್ಕ ಹಾಕುವ ಗುರುತಿನ ಸಂಖ್ಯೆ) ಲೆಕ್ಕ ಹಾಕಿ ಮೂಲಕ್ಕೆ ಹೋಲಿಸುತ್ತದೆ. ಏನೂ ಮುದ್ರಿಸದೆ ಸುಮ್ಮನೆ ಮುಗಿದರೆ ಎಲ್ಲ ಕೆಒ ಫೈಲ್‌ಗಳೂ ಸರಿ ಇವೆ. ಆಗ ‘ಸುಡೊ ಡೆಪ್‌ಮಾಡ್ -ಎ’ ಕೊಟ್ಟು ರೀಸ್ಟಾರ್ಟ್ ಮಾಡಿದರೆ ಸಾಕು. ಪ್ರಶ್ನಾರ್ಥಕ ಚಿಹ್ನೆಗಳ ನಡುವೆ 5 ಎಂಬ ಅಂಕಿ ಇರುವ ಸಾಲು ಬಂದರೆ ಆ ಫೈಲ್ ಕೆಟ್ಟಿದೆ ಎಂದರ್ಥ. ಡೆಪ್‌ಮಾಡ್ ಅದನ್ನು ಸರಿಪಡಿಸಲಾರದು. ‘ಸುಡೊ ಆಪ್ಟ್ ಇನ್‌ಸ್ಟಾಲ್ --ರೀಇನ್‌ಸ್ಟಾಲ್’ ಕೊಟ್ಟು ಅದೇ ಪ್ಯಾಕೇಜನ್ನು ಮತ್ತೆ ಹಾಕಿ. ಅದು ಡೆಪ್‌ಮಾಡ್‌ನ್ನೂ ಇನಿಟ್‌ರ‍್ಯಾಮ್‌ಎಫ್‌ಎಸ್ ಕಟ್ಟುವುದನ್ನೂ ತಾನೇ ಮಾಡಿಸುತ್ತದೆ. ಹಾಕುವ ಮುಂಚೆ ‘ಡಿಎಫ್ -ಎಚ್ /ಬೂಟ್’ ನೋಡಿಕೊಳ್ಳಿ. ಬೂಟ್ ವಿಭಾಗ ತುಂಬಿದ್ದರೆ ಇನಿಟ್‌ರ‍್ಯಾಮ್‌ಎಫ್‌ಎಸ್ ಅರ್ಧಕ್ಕೇ ನಿಂತು, ಈಗಿರುವುದಕ್ಕಿಂತ ದೊಡ್ಡ ತಲೆನೋವು ತಂದುಕೊಂಡಂತಾಗುತ್ತದೆ.

ಎಲ್ಲ ಸರಿಯಾಯಿತೇ ಎಂದು ನೋಡಲು ‘ಮಾಡ್‌ಪ್ರೋಬ್ --ಶೋ-ಡಿಪೆಂಡ್ಸ್ ಸಿಎಚ್341’. ಏನನ್ನೂ ಲೋಡ್ ಮಾಡದೆ, ಯಾವ ಕ್ರಮದಲ್ಲಿ ಲೋಡ್ ಮಾಡುತ್ತೇನೆ ಎಂದಷ್ಟೇ ಅದು ಹೇಳುತ್ತದೆ. ಡೆಬಿಯನ್‌ನಲ್ಲಿ ಯುಎಸ್‌ಬಿ-ಕಾಮನ್, ಯುಎಸ್‌ಬಿಕೋರ್, ಯುಎಸ್‌ಬಿಸೀರಿಯಲ್, ಕೊನೆಗೆ ಸಿಎಚ್341 ಎಂದು ಸಾಲುಗಳು ಬರಬೇಕು. ಮೊದಲೆರಡು ಕೀಬೋರ್ಡ್, ಮೌಸ್‌ಗಾಗಿ ಬೂಟ್ ಹೊತ್ತಿಗೇ ಲೋಡ್ ಆಗಿರುತ್ತವೆ. ನೀವು ಇನ್ಸ್‌ಮಾಡ್ ಮಾಡಿದಾಗ ಇಲ್ಲದೇ ಹೋದದ್ದು ಮೂರನೆಯದು. ಅಂದರೆ ಅವತ್ತು ಯುಎಸ್‌ಬಿಸೀರಿಯಲ್ ಫೈಲನ್ನು ಮೊದಲು ಇನ್ಸ್‌ಮಾಡ್ ಮಾಡಿ, ಆಮೇಲೆ ಸಿಎಚ್341 ಮಾಡಿದ್ದರೆ ತಕ್ಕಡಿ ಮಾತಾಡುತ್ತಿತ್ತು. ತುರ್ತಿಗೆ ಹಾಗೂ ಮಾಡಬಹುದು, ಆದರೆ ಪ್ರತಿ ಬೂಟ್‌ಗೂ ಅದೇ ಪಾಡು.

‘ಅನ್‌ನೋನ್ ಸಿಂಬಲ್’ ಬಂದಾಗ ಟರ್ಮಿನಲ್‌ನ ಒಂದು ಸಾಲಿಗೆ ತೃಪ್ತಿಪಡಬೇಡಿ. ಆ ಸಾಲು ಏನು ಕೊರತೆ ಎಂದು ಹೇಳುವುದೇ ಇಲ್ಲ. ನಿಜವಾದ ಮಾಹಿತಿ ಕರ್ನಲ್‌ನ ಲಾಗ್‌ನಲ್ಲಿದೆ: ‘ಸುಡೊ ಡಿಮೆಸ್ಗ್’ ಕೊಟ್ಟು ಕೊನೆಯ ಸಾಲುಗಳನ್ನು ನೋಡಿ. ಡೆಬಿಯನ್‌ನಲ್ಲಿ ಸುಡೊ ಇಲ್ಲದೆ ಇದು ತೆರೆಯುವುದಿಲ್ಲ. ಅಲ್ಲಿ ಸಿಂಬಲ್‌ನ ಹೆಸರು ಮತ್ತು ಒಂದು ಋಣ ಸಂಖ್ಯೆ ಇರುತ್ತದೆ. ಆ ಸಂಖ್ಯೆಯನ್ನು ಓದದೆ ಮುಂದೆ ಹೋಗುವವರೇ ಹೆಚ್ಚು, ಅರ್ಧ ಉತ್ತರ ಇರುವುದು ಅದರಲ್ಲೇ.

-2 ಇದ್ದರೆ ಆ ಹೆಸರಿನ ಸಿಂಬಲ್ ಸದ್ಯ ಕರ್ನಲ್‌ನಲ್ಲಿ ಸಿಗಲಿಲ್ಲ. ಅದನ್ನು ಒದಗಿಸುವ ಮಾಡ್ಯೂಲ್ ಯಾವುದು ಎಂದು ತಿಳಿಯಲು ಮಾಡ್ಯೂಲ್ಸ್.ಸಿಂಬಲ್ಸ್ ಫೈಲ್‌ನಲ್ಲಿ ಗ್ರೆಪ್ ಆಜ್ಞೆ ಕೊಟ್ಟು ಹುಡುಕಿ. ‘ಗ್ರೆಪ್ ಯುಎಸ್‌ಬಿ_ಸೀರಿಯಲ್_ರಿಜಿಸ್ಟರ್_ಡ್ರೈವರ್ಸ್’ ಎಂದು ಕೊಟ್ಟು ಆ ಫೈಲಿನ ದಾರಿ ಕೊಟ್ಟರೆ, ಸಾಲಿನ ಕೊನೆಯಲ್ಲಿ ಯುಎಸ್‌ಬಿಸೀರಿಯಲ್ ಎಂದು ಉತ್ತರ ಬರುತ್ತದೆ. ಈ ಫೈಲ್ ಕೂಡ ಡೆಪ್‌ಮಾಡ್ ಬರೆಯುವುದೇ, ಆದ್ದರಿಂದ ಮೊದಲು ಅದನ್ನು ಸರಿಮಾಡಿಕೊಂಡಿರಬೇಕು. ಅಲ್ಲಿ ಹೆಸರೇ ಸಿಗದಿದ್ದರೆ ಎರಡು ಸಾಧ್ಯತೆ: ಆ ಭಾಗವನ್ನು ನಿಮ್ಮ ಕರ್ನಲ್ ಕಟ್ಟುವಾಗಲೇ ಬಿಟ್ಟಿದ್ದಾರೆ, ಇಲ್ಲವೇ ಅದು ಬೇರೆ ಪ್ಯಾಕೇಜಿನಲ್ಲಿದೆ. ಉಬುಂಟುವಿನ ಸರ್ವರ್, ಕ್ಲೌಡ್ ಮಾದರಿಯ ಕಿರಿದಾದ ಸ್ಥಾಪನೆಗಳಲ್ಲಿ ಅಪರೂಪದ ಡ್ರೈವರ್‌ಗಳೆಲ್ಲ ಲಿನಕ್ಸ್-ಮಾಡ್ಯೂಲ್ಸ್-ಎಕ್ಸ್‌ಟ್ರಾ ಎಂಬ ಬೇರೆ ಪ್ಯಾಕೇಜಿಗೆ ಹೋಗಿರುತ್ತವೆ. ಡೆಬಿಯನ್‌ನಲ್ಲಿ ಆ ಗೊಂದಲವಿಲ್ಲ.

ಇನ್ನೊಂದು ವಿಚಿತ್ರವೂ ಇದೆ. ಸಿಂಬಲ್ ಕರ್ನಲ್‌ನಲ್ಲಿ ಇದೆ ಎಂದು ಕರ್ನಲ್‌ನ ಸಿಂಬಲ್ ಪಟ್ಟಿಯಾದ /ಪ್ರಾಕ್/ಕಾಲ್‌ಸಿಮ್ಸ್ ಹೇಳುತ್ತದೆ, ಆದರೂ -2 ಬರುತ್ತದೆ. ಅದು ಜಿಪಿಎಲ್ ಎಂಬ ಮುಕ್ತ ಲೈಸೆನ್ಸ್‌ನ ಮಾಡ್ಯೂಲ್‌ಗಳಿಗೆ ಮಾತ್ರ ಎಂದು ಗುರುತು ಮಾಡಿದ ಸಿಂಬಲ್ ಆಗಿದ್ದು, ನೀವು ಹಾಕುತ್ತಿರುವ ಡ್ರೈವರ್ ಮುಚ್ಚಿದ ಲೈಸೆನ್ಸ್‌ನದಾಗಿದ್ದರೆ ಹೀಗಾಗುತ್ತದೆ. ಕಂಪನಿಗಳ ಸಿಡಿಯಲ್ಲಿ ಬರುವ ಹಳೇ ಡ್ರೈವರ್‌ಗಳಲ್ಲಿ ನೋಡಬಹುದು. ಅದಕ್ಕೆ ಬಳಕೆದಾರರ ಮಟ್ಟದಲ್ಲಿ ಮದ್ದಿಲ್ಲ, ಬೇರೆ ಡ್ರೈವರ್ ಹುಡುಕಬೇಕು.

-22 ಬಂದರೆ ಸಿಂಬಲ್ ಇದೆ, ಆವೃತ್ತಿ ಹೊಂದುತ್ತಿಲ್ಲ. -16 ಅಪರೂಪ: ಜೊತೆಯ ಮಾಡ್ಯೂಲ್ ಲೋಡ್ ಆಗಲು ಶುರುವಾಗಿ ಮುಗಿದಿಲ್ಲ, ಕರ್ನಲ್ ಮೂವತ್ತು ಸೆಕೆಂಡು ಕಾದು ಕೈಬಿಟ್ಟಿದೆ. ಆಗ ತಪ್ಪು ಹುಡುಕಬೇಕಾದ್ದು ಆ ಜೊತೆಯದರಲ್ಲಿ.

ಪಟ್ಟಿ ಸರಿಯಿದ್ದೂ ಅವಲಂಬನೆ ಮುರಿಯುವ ಇನ್ನೊಂದು ಜಾಗ /ಇಟಿಸಿ/ಮಾಡ್‌ಪ್ರೋಬ್.ಡಿ. ಎಂದೋ ಯಾರೋ ‘ಇನ್‌ಸ್ಟಾಲ್ ಯುಎಸ್‌ಬಿಸೀರಿಯಲ್ /ಬಿನ್/ಫಾಲ್ಸ್’ ಎಂದು ಬರೆದಿಟ್ಟಿದ್ದರೆ ಅದನ್ನು ಆಧರಿಸಿದ ಎಲ್ಲವೂ ಬೀಳುತ್ತವೆ. ಬ್ಲ್ಯಾಕ್‌ಲಿಸ್ಟ್ ಎಂಬ ಸಾಲಿಗೆ ಅಷ್ಟು ಬಲವಿಲ್ಲ. ಸಾಧನ ಚುಚ್ಚಿದಾಗ ತಾನಾಗಿ ಲೋಡ್ ಆಗುವುದನ್ನು ಮಾತ್ರ ಅದು ತಡೆಯುತ್ತದೆ. ಬೇರೊಂದು ಮಾಡ್ಯೂಲಿಗೆ ಬೇಕು ಎಂದರೆ ಬ್ಲ್ಯಾಕ್‌ಲಿಸ್ಟ್‌ನಲ್ಲಿರುವುದೂ ಲೋಡ್ ಆಗಿಯೇ ಆಗುತ್ತದೆ. ಈ ಫೋಲ್ಡರ್‌ನಲ್ಲಿ ಏನು ಬದಲಿಸಿದರೂ ‘ಸುಡೊ ಅಪ್‌ಡೇಟ್-ಇನಿಟ್‌ರ‍್ಯಾಮ್‌ಎಫ್‌ಎಸ್ -ಯು’ ಕೊಡಿ, ಏಕೆಂದರೆ ಇದರ ಹಳೇ ಪ್ರತಿ ಆ ಕಟ್ಟಿನೊಳಗೂ ಕೂತಿರುತ್ತದೆ.

ಈಗ ವೈಫೈ. ಡಾಂಗಲ್ ಯಾವುದೆಂದು ನೀವು ಬರೆದಿಲ್ಲ, ‘ಎಲ್‌ಎಸ್‌ಯುಎಸ್‌ಬಿ’ ಕೊಟ್ಟು ಐಡಿ ನೋಡಿ. ಅಗ್ಗದವುಗಳಲ್ಲಿ ಹೆಚ್ಚಿನವು ರಿಯಲ್‌ಟೆಕ್ ಚಿಪ್‌ನವು. 0ಬಿಡಿಎ:ಸಿ811 ಎಂದಿದ್ದರೆ ಆರ್‌ಟಿಎಲ್8811ಸಿಯು, ಇದರ ಡ್ರೈವರ್ ಆರ್‌ಟಿಡಬ್ಲ್ಯು88_8821ಸಿಯು. ಮುಂದಿನ ಮಾತೆಲ್ಲ ಇದೇ ಚಿಪ್ ಎಂದುಕೊಂಡು ಬರೆದದ್ದು. 0ಬಿಡಿಎ:1ಎ2ಬಿ ಎಂದು ಕಂಡರೆ ಡಾಂಗಲ್ ಇನ್ನೂ ವಿಂಡೋಸ್ ಡ್ರೈವರ್ ತುಂಬಿದ ಸಿಡಿಯಂತೆ ನಟಿಸುತ್ತಿದೆ. ಯುಎಸ್‌ಬಿ-ಮೋಡ್‌ಸ್ವಿಚ್ ಪ್ಯಾಕೇಜ್ ಹಾಕಿದರೆ ವೇಷ ಕಳಚುತ್ತದೆ. ಐಡಿ ಬದಲಾಗುವ ತನಕ ಯಾವ ವೈಫೈ ಡ್ರೈವರ್ ಹಾಕಿಯೂ ಉಪಯೋಗವಿಲ್ಲ.

ಈ ಸರಣಿಯ ಯುಎಸ್‌ಬಿ ಡಾಂಗಲ್‌ಗಳಿಗೆ ಕರ್ನಲ್‌ನೊಳಗೇ ಬೆಂಬಲ ಬಂದದ್ದು 6.2ರಲ್ಲಿ. ಡೆಬಿಯನ್ 12ರದ್ದು 6.1. ಒಂದೇ ಮೆಟ್ಟಿಲ ಅಂತರ! ನಿಮ್ಮ ಸ್ನೇಹಿತರ ಉಬುಂಟುವಿನಲ್ಲಿ ಅದಕ್ಕಿಂತ ಹೊಸ ಕರ್ನಲ್ ಇರಬೇಕು, ಆದ್ದರಿಂದ ಅಲ್ಲಿ ಅದು ಚುಚ್ಚಿದ ತಕ್ಷಣ ನಡೆದಿರಬೇಕು.

ಆ ಫೈಲ್ ಮಾತ್ರ ತಂದರೆ ಏಕೆ ನಡೆಯುವುದಿಲ್ಲ? ಮೊದಲನೆಯದಾಗಿ ಅದು ಒಂಟಿಯಲ್ಲ. ಅದಕ್ಕೆ ಆರ್‌ಟಿಡಬ್ಲ್ಯು88_8821ಸಿ ಮತ್ತು ಆರ್‌ಟಿಡಬ್ಲ್ಯು88_ಯುಎಸ್‌ಬಿ ಬೇಕು, ಅವಕ್ಕೆ ಆರ್‌ಟಿಡಬ್ಲ್ಯು88_ಕೋರ್ ಬೇಕು, ಅದಕ್ಕೆ ಮ್ಯಾಕ್80211, ಮ್ಯಾಕ್80211ಕ್ಕೆ ಸಿಎಫ್‌ಜಿ80211 ಮತ್ತು ಲಿಬ್‌ಆರ್ಕ್4. ಎಲ್ಲವನ್ನೂ ಹೊತ್ತು ತಂದರೂ ಆಗದು, ಅದು ಎರಡನೆಯ ಕಾರಣ. ಪ್ರತಿ ಮಾಡ್ಯೂಲ್ ತಾನು ಯಾವ ಕರ್ನಲ್‌ಗಾಗಿ ಕಟ್ಟಲ್ಪಟ್ಟಿದೆ ಎಂಬ ಗುರುತು ಹೊತ್ತಿರುತ್ತದೆ. ‘ಮಾಡ್‌ಇನ್ಫೊ -ಎಫ್ ವರ್‌ಮ್ಯಾಜಿಕ್’ ಎಂದು ಎಫ್ ದೊಡ್ಡಕ್ಷರದಲ್ಲಿ ಕೊಟ್ಟು ಫೈಲ್ ಹೆಸರು ಕೊಟ್ಟರೆ ಅದು ಕಾಣುತ್ತದೆ. ಜೊತೆಗೆ ಅದು ಬಳಸುವ ಪ್ರತಿ ಸಿಂಬಲ್‌ಗೂ ಒಂದು ಚೆಕ್‌ಸಮ್ ಇರುತ್ತದೆ. ಆ ಚೆಕ್‌ಸಮ್ ಫಂಕ್ಷನ್‌ನ ಹೆಸರಿನಿಂದ ಹುಟ್ಟಿದ್ದಲ್ಲ, ಅದು ಕೊಡುವ-ತೆಗೆದುಕೊಳ್ಳುವ ಡೇಟಾದ ಆಕಾರದಿಂದ ಹುಟ್ಟಿದ್ದು. ಡಿಮೆಸ್ಗ್‌ನಲ್ಲಿ ‘ಡಿಸ್‌ಅಗ್ರೀಸ್ ಅಬೌಟ್ ವರ್ಷನ್ ಆಫ್ ಸಿಂಬಲ್ ಮಾಡ್ಯೂಲ್_ಲೇಔಟ್’ ಎಂದು ಸಾಲು ಇದ್ದರೆ, ಮಾಡ್ಯೂಲ್ ಎಂಬ ರಚನೆಯ ಆಕಾರವೇ ಎರಡು ಕರ್ನಲ್‌ಗಳಲ್ಲಿ ಬೇರೆ ಎಂದರ್ಥ. ಅದೇ ಟರ್ಮಿನಲ್‌ಗೆ ಬರುವಾಗ ‘ಇನ್‌ವ್ಯಾಲಿಡ್ ಮಾಡ್ಯೂಲ್ ಫಾರ್ಮ್ಯಾಟ್’ ಆಗುತ್ತದೆ.

ಫೋರ್ಸ್ ಎಂದರೆ ಈ ಗುರುತನ್ನೂ ಚೆಕ್‌ಸಮ್ಮನ್ನೂ ನೋಡಬೇಡ ಎಂದು ಹೇಳುವುದು. ಕೆಲವು ಕರ್ನಲ್‌ಗಳು ಅದಕ್ಕೆ ಒಪ್ಪುವುದೇ ಇಲ್ಲ. ಒಪ್ಪಿದರೆ ಇನ್ನೂ ಕಷ್ಟ. ಡ್ರೈವರ್ ಒಂದು ರಚನೆಯ ನಲವತ್ತನೇ ಬೈಟ್‌ನಲ್ಲಿ ಉದ್ದ ಇದೆ ಎಂದು ನಂಬಿ ಓದುತ್ತದೆ, ನಿಮ್ಮ ಕರ್ನಲ್ ಅಲ್ಲಿ ಇನ್ನೇನೋ ವಿಳಾಸ ಇಟ್ಟಿರುತ್ತದೆ. ಡ್ರೈವರ್ ಓಡುವುದು ಕರ್ನಲ್‌ನೊಳಗೆ, ಅಲ್ಲಿ ಅದನ್ನು ತಡೆಯುವ ಗೋಡೆ ಇಲ್ಲ. ಯಂತ್ರ ಅಲ್ಲೇ ನಿಂತರೆ ಪುಣ್ಯ. ನಿಲ್ಲದೆ ಮೆಮೊರಿಯ ಬೇರೆಲ್ಲೋ ಬರೆದು, ಅದು ಬಿಲ್ಲಿನ ಡೇಟಾ ಜೊತೆ ಡಿಸ್ಕ್‌ಗೆ ಹೋದರೆ ಗೊತ್ತಾಗುವುದು ವರ್ಷದ ಲೆಕ್ಕ ಮುಗಿಸುವಾಗ. ರಾಶಿ, ಬೆಟ್ಟೆ ಅಡಿಕೆಯ ಖಾತೆ ಇರುವ ಯಂತ್ರದಲ್ಲಿ ಈ ಪ್ರಯೋಗ ಬೇಡ. ಸ್ನೇಹಿತರಿಂದ ತಂದ ಫೈಲನ್ನು /ಲಿಬ್/ಮಾಡ್ಯೂಲ್ಸ್ ಒಳಗೆ ಎಲ್ಲಿ ಹಾಕಿದ್ದೀರೋ ಅಲ್ಲಿಂದ ಅಳಿಸಿ, ಡೆಪ್‌ಮಾಡ್ ಇನ್ನೊಮ್ಮೆ ಕೊಡಿ. ಉಳಿಸಿದರೆ ಡಾಂಗಲ್ ಚುಚ್ಚಿದಾಗಲೆಲ್ಲ ಅದೇ ದೋಷ ಬರುತ್ತಿರುತ್ತದೆ.

ಸರಿಯಾದ ದಾರಿ ಕರ್ನಲ್‌ನ್ನೇ ಹೊಸದು ಮಾಡುವುದು. ಡೆಬಿಯನ್ 12ಕ್ಕೆ (ಅದರ ಇನ್ನೊಂದು ಹೆಸರು ಬುಕ್‌ವರ್ಮ್) ಹೊಸ ಆವೃತ್ತಿಯ ಪ್ಯಾಕೇಜ್‌ಗಳನ್ನು ಹೊಂದಿಸಿ ಕೊಡುವ ಬ್ಯಾಕ್‌ಪೋರ್ಟ್ಸ್ ಭಂಡಾರದಲ್ಲಿ 6.12 ಕರ್ನಲ್ ಬಂದಿದೆ. ಆಗಸ್ಟ್ 2025ರಲ್ಲಿ ಬಿಡುಗಡೆಯಾದ ಡೆಬಿಯನ್ 13ರಲ್ಲಿ ಅದೇ 6.12 ಮೂಲ ಕರ್ನಲ್. ಸುಗ್ಗಿ ಮುಗಿದು ಪುರುಸೊತ್ತಿದ್ದರೆ ಪೂರ್ತಿ 13ಕ್ಕೆ ಹೋಗುವುದೇ ಮೇಲು ಎಂದು ನನ್ನ ಅಭಿಪ್ರಾಯ, ಬಿಲ್ಲಿಂಗ್ ತಂತ್ರಾಂಶ ಅದರಲ್ಲಿ ನಡೆಯುತ್ತದೆ ಎಂದು ಮೊದಲು ಖಚಿತಪಡಿಸಿಕೊಂಡು. ತಕ್ಷಣಕ್ಕೆ ಬ್ಯಾಕ್‌ಪೋರ್ಟ್ಸ್ ಸಾಕು: ಆಪ್ಟ್‌ನ ಸೋರ್ಸಸ್ ಪಟ್ಟಿಗೆ ಬುಕ್‌ವರ್ಮ್-ಬ್ಯಾಕ್‌ಪೋರ್ಟ್ಸ್ ಸಾಲು ಸೇರಿಸಿ, ಅದರಲ್ಲಿ ಮೇನ್ ಮತ್ತು ನಾನ್-ಫ್ರೀ-ಫರ್ಮ್‌ವೇರ್ ಎರಡನ್ನೂ ಬರೆದು, ‘ಸುಡೊ ಆಪ್ಟ್ ಅಪ್‌ಡೇಟ್’, ಆಮೇಲೆ ‘ಸುಡೊ ಆಪ್ಟ್ ಇನ್‌ಸ್ಟಾಲ್ -ಟಿ ಬುಕ್‌ವರ್ಮ್-ಬ್ಯಾಕ್‌ಪೋರ್ಟ್ಸ್ ಲಿನಕ್ಸ್-ಇಮೇಜ್-ಎಎಂಡಿ64 ಫರ್ಮ್‌ವೇರ್-ರಿಯಲ್‌ಟೆಕ್’.

ಫರ್ಮ್‌ವೇರ್, ಅಂದರೆ ಡಾಂಗಲ್‌ನ ಚಿಪ್‌ನೊಳಗೇ ಓಡುವ ತಂತ್ರಾಂಶ, ಅದನ್ನು ಮರೆಯಬೇಡಿ, ಅದೂ ಒಂದು ಅವಲಂಬನೆಯೇ. ಆದರೆ ಅದು ಮಾಡ್ಯೂಲ್ಸ್.ಡೆಪ್‌ನಲ್ಲಿ ಕಾಣುವುದಿಲ್ಲ. ಮಾಡ್ಯೂಲ್ ಲೋಡ್ ಆಗುತ್ತದೆ, ಲೋಡ್ ಆದವುಗಳನ್ನು ತೋರಿಸುವ ಎಲ್‌ಎಸ್‌ಮಾಡ್‌ನಲ್ಲಿ ಹೆಸರೂ ಬರುತ್ತದೆ, ವೈಫೈ ಮಾತ್ರ ಏಳುವುದಿಲ್ಲ. ಡಿಮೆಸ್ಗ್‌ನಲ್ಲಿ ‘ಡೈರೆಕ್ಟ್ ಫರ್ಮ್‌ವೇರ್ ಲೋಡ್ ಫಾರ್ ಆರ್‌ಟಿಡಬ್ಲ್ಯು88/’ ಎಂದು ಶುರುವಾಗಿ ‘ಫೇಲ್ಡ್ ವಿತ್ ಎರರ್ -2’ ಎಂದು ಮುಗಿಯುವ ಸಾಲು ಇರುತ್ತದೆ. ಇಲ್ಲೂ ಅದೇ -2, ಆ ಫೈಲ್ /ಲಿಬ್/ಫರ್ಮ್‌ವೇರ್ ಒಳಗೆ ಸಿಗಲಿಲ್ಲ ಎಂಬ ಅರ್ಥದಲ್ಲಿ. ಯಾವ ಮಾಡ್ಯೂಲ್ ಯಾವ ಫರ್ಮ್‌ವೇರ್ ಕೇಳಬಹುದು ಎಂದು ಮೊದಲೇ ತಿಳಿಯಲು ‘ಮಾಡ್‌ಇನ್ಫೊ -ಎಫ್ ಫರ್ಮ್‌ವೇರ್’ ಇದೆ. ಯುಎಸ್‌ಬಿ ಐಡಿಯ ಮಾಡ್ಯೂಲಿನಲ್ಲಿ ಕಾಣದಿದ್ದರೆ ಚಿಪ್‌ನ ಮಾಡ್ಯೂಲ್ ಆರ್‌ಟಿಡಬ್ಲ್ಯು88_8821ಸಿ ಮೇಲೆ ಕೊಟ್ಟು ನೋಡಿ.

ಪಟ್ಟಿಗೆ ಸಿಗದ ಅವಲಂಬನೆಗಳು ಇನ್ನೂ ಇವೆ. ಕೆಲವು ಮಾಡ್ಯೂಲ್‌ಗಳು ಓಡುತ್ತಿರುವಾಗಲೇ ‘ಇಂಥದ್ದು ಕೊಡು’ ಎಂದು ಕರ್ನಲ್‌ಗೆ ಕೇಳುತ್ತವೆ. ವೈಫೈ ಗೂಢಲಿಪಿಗೆ ಬೇಕಾದ ಸಿಸಿಎಂ, ಪೆನ್‌ಡ್ರೈವ್‌ನ ವಿಫ್ಯಾಟ್‌ಗೆ ಬೇಕಾದ ಎನ್‌ಎಲ್‌ಎಸ್_ಸಿಪಿ437 ಹೀಗೆ ಬರುವಂಥವು. ಡಿಸ್ಟ್ರಿಬ್ಯೂಷನ್‌ನ ಪೂರ್ತಿ ಕರ್ನಲ್ ಪ್ಯಾಕೇಜ್ ಹಾಕಿದವರಿಗೆ ಇವು ತಲೆನೋವಾಗುವುದಿಲ್ಲ. ಬೇಕಾದ ನಾಲ್ಕೇ ಫೈಲ್ ಆರಿಸಿ ತರುತ್ತೇನೆ ಎನ್ನುವವರು ಇಲ್ಲೇ ಎಡವುವುದು. ಒಂದೊಂದೇ ಕೆಒ ಫೈಲ್ ಹೊರುವ ಬದಲು ಪ್ಯಾಕೇಜನ್ನೇ ಹೊರಿ ಎಂದು ಒತ್ತಿ ಹೇಳುವುದಕ್ಕೆ ಕಾರಣ ಇದು.

ಇಂಟರ್‌ನೆಟ್ ಇಲ್ಲದ ಯಂತ್ರಕ್ಕೆ ಅದನ್ನು ತರುವುದು ಹೇಗೆ ಎಂದರೆ, ನಿಮ್ಮ ಮೊಬೈಲೇ ಸಾಕು. ಆಂಡ್ರಾಯ್ಡ್ ಫೋನನ್ನು ಡೇಟಾ ಕೇಬಲ್‌ನಲ್ಲಿ ಚುಚ್ಚಿ, ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಕಂಪ್ಯೂಟರಿಗೆ ಅದು ಲ್ಯಾನ್ ಕಾರ್ಡ್‌ನಂತೆ ಕಾಣುತ್ತದೆ, ವೈಫೈ ಡ್ರೈವರ್ ಬೇಡವೇ ಬೇಡ. ಬೇಕಾಗುವ ಆರ್‌ಎನ್‌ಡಿಐಎಸ್_ಹೋಸ್ಟ್, ಸಿಡಿಸಿ_ಈಥರ್, ಯುಎಸ್‌ಬಿನೆಟ್ ಮಾಡ್ಯೂಲ್‌ಗಳು ಡೆಬಿಯನ್‌ನಲ್ಲೇ ಇವೆ. ಆದರೆ ಪಟ್ಟಿ ಹಾಳಾದ ಕರ್ನಲ್‌ನಲ್ಲಿ ಇವೂ ಏಳುವುದಿಲ್ಲ. ಮೊದಲು ಡೆಪ್‌ಮಾಡ್, ಆಮೇಲೆ ಟೆದರಿಂಗ್. ಡೌನ್‌ಲೋಡ್ ದೊಡ್ಡದೇನಲ್ಲ, ಕರ್ನಲ್ ಸುಮಾರು ನೂರು ಎಂಬಿ ಆಸುಪಾಸು, ಫರ್ಮ್‌ವೇರ್ ಕೆಲವೇ ಎಂಬಿ. ಅಂಗಡಿಯೊಳಗೆ ಸಿಗ್ನಲ್ ಒಂದು ಕಡ್ಡಿಯೂ ಇಲ್ಲ ಎಂದರೆ ‘ಆಪ್ಟ್-ಗೆಟ್ --ಪ್ರಿಂಟ್-ಯುಆರ್‌ಐಸ್ ಇನ್‌ಸ್ಟಾಲ್’ ಕೊಟ್ಟು ಬೇಕಾದ ಎಲ್ಲ ಪ್ಯಾಕೇಜ್‌ಗಳ ವಿಳಾಸಗಳನ್ನು ಫೈಲಿಗೆ ಬರೆಸಿಕೊಳ್ಳಿ. ತೀರ್ಥಹಳ್ಳಿ ಪೇಟೆಯಲ್ಲಿ ಅವನ್ನು ಪೆನ್‌ಡ್ರೈವ್‌ಗೆ ಇಳಿಸಿ ತಂದು, ಆ ಫೋಲ್ಡರ್‌ಗೆ ಹೋಗಿ ‘ಸುಡೊ ಆಪ್ಟ್ ಇನ್‌ಸ್ಟಾಲ್ ./*.ಡೆಬ್’ ಕೊಡಿ. ವಿಳಾಸಗಳನ್ನು ನಿಮ್ಮ ಯಂತ್ರವೇ ಲೆಕ್ಕ ಹಾಕುವುದರಿಂದ ಒಂದೂ ಬಿಟ್ಟುಹೋಗುವುದಿಲ್ಲ. ಅದರ ಪ್ಯಾಕೇಜ್ ಪಟ್ಟಿ ಮಾತ್ರ ತಾಜಾ ಇರಬೇಕು. ಬ್ಯಾಕ್‌ಪೋರ್ಟ್ಸ್ ಸೇರಿಸಿದ ಮೇಲೆ ಒಮ್ಮೆಯಾದರೂ ಹೇಗಾದರೂ ಮಾಡಿ ಅಪ್‌ಡೇಟ್ ಓಡಿಸಿಕೊಳ್ಳಿ.

ಹುಡುಕಿದರೆ ಡಿಕೆಎಂಎಸ್ ಎಂಬ ಮೂರನೇ ದಾರಿಯೂ ಸಿಗುತ್ತದೆ: ಡ್ರೈವರಿನ ಮೂಲ ಕೋಡ್ ತಂದು ನಿಮ್ಮದೇ ಕರ್ನಲ್‌ಗೆ ಕಟ್ಟುವುದು. ಇದು ತಪ್ಪಲ್ಲ, ಆದರೆ ಅದಕ್ಕೂ ಅವಲಂಬನೆಗಳಿವೆ. ಓಡುತ್ತಿರುವ ಕರ್ನಲ್‌ಗೆ ಸರಿಯಾಗಿ ಹೊಂದುವ ಲಿನಕ್ಸ್-ಹೆಡರ್ಸ್ ಪ್ಯಾಕೇಜ್, ಕೋಡ್ ಕಟ್ಟುವ ಉಪಕರಣಗಳಾದ ಜಿಸಿಸಿ, ಮೇಕ್ ಬೇಕು. ಹೆಡರ್ಸ್ ಇಲ್ಲದೆ ಕರ್ನಲ್ ಒಂದೇ ಅಪ್‌ಗ್ರೇಡ್ ಆದರೆ ಮರುದಿನ ವೈಫೈ ಮಾಯ. ಕಟ್ಟುವಾಗ ಬಿದ್ದರೆ ಕಾರಣ /ವಾರ್/ಲಿಬ್/ಡಿಕೆಎಂಎಸ್ ಅಡಿಯಲ್ಲಿ ಆ ಡ್ರೈವರಿನ ಬಿಲ್ಡ್ ಫೋಲ್ಡರಿನ ಮೇಕ್.ಲಾಗ್ ಫೈಲ್‌ನಲ್ಲಿ ಇರುತ್ತದೆ. ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇಲ್ಲದ ತಂತ್ರಾಂಶವನ್ನು ತಡೆಯುವ ವ್ಯವಸ್ಥೆ) ಆನ್ ಇರುವ ಯಂತ್ರದಲ್ಲಿ ಕಟ್ಟಿದ ಮೇಲೂ ‘ರಿಕ್ವೈರ್ಡ್ ಕೀ ನಾಟ್ ಅವೈಲಬಲ್’ ಅಥವಾ ‘ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್’ ಎಂದು ಬರಬಹುದು. ಅಲ್ಲಿ ಕೊರತೆ ಸಹಿಯದು, ಮಾಡ್ಯೂಲಿನದಲ್ಲ. ‘ಸುಡೊ ಮೊಕ್‌ಯುಟಿಲ್ --ಇಂಪೋರ್ಟ್ /ವಾರ್/ಲಿಬ್/ಡಿಕೆಎಂಎಸ್/ಮೊಕ್.ಪಬ್’ ಕೊಟ್ಟು ಒಂದು ಪಾಸ್‌ವರ್ಡ್ ಇಟ್ಟು, ರೀಸ್ಟಾರ್ಟ್ ಆದಾಗ ಬರುವ ನೀಲಿ ಪರದೆಯಲ್ಲಿ ‘ಎನ್‌ರೋಲ್ ಮೊಕ್’ ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. 6.12 ಕರ್ನಲ್ ಹಾಕಿದ ಮೇಲೆ ನಿಮಗೆ ಇದಾವುದೂ ಬೇಡ.

ಮಳೆಗಾಲಕ್ಕೆ ಒಂದು ಮಾತು. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತದೆ ಎಂದು ಹೇಳಲಾಗದು. ಯುಪಿಎಸ್ ಬ್ಯಾಟರಿ ಬದಲಿಸುವ ತನಕ ಕರ್ನಲ್ ಅಪ್‌ಗ್ರೇಡ್ ಮಾಡಬೇಡಿ. ಮಾಡಿದಾಗ, ಮುಗಿಯಿತು ಎಂದು ಪರದೆ ಹೇಳಿದ ಮೇಲೆ ‘ಸಿಂಕ್’ ಎಂದು ಒಂದು ಆಜ್ಞೆ ಕೊಡಿ. ರ‍್ಯಾಮ್‌ನಲ್ಲಿ ಉಳಿದದ್ದನ್ನೆಲ್ಲ ಅದು ಡಿಸ್ಕ್‌ಗೆ ಇಳಿಸಿ, ಆಮೇಲೆ ಪ್ರಾಂಪ್ಟ್ ಕೊಡುತ್ತದೆ.

ಎಲ್ಲ ಮುಗಿದ ಮೇಲೆ ತಕ್ಕಡಿಯ ಕೇಬಲ್ ಕಿತ್ತು ಚುಚ್ಚಿ. ಡಿಮೆಸ್ಗ್‌ನ ಕೊನೆಯಲ್ಲಿ ‘ಸಿಎಚ್341-ಯುಎಆರ್‌ಟಿ ಕನ್ವರ್ಟರ್ ನೌ ಅಟ್ಯಾಚ್ಡ್ ಟು ಟಿಟಿವೈಯುಎಸ್‌ಬಿ0’ ಎಂದು ಬರಬೇಕು. ಬಂದ ಬೆನ್ನಿಗೇ ‘ಡಿಸ್‌ಕನೆಕ್ಟೆಡ್’ ಎಂದೂ ಬಂದು, ಆಸುಪಾಸಿನಲ್ಲಿ ಬಿಆರ್‌ಎಲ್‌ಟಿಟಿವೈ ಎಂಬ ಹೆಸರು ಕಂಡರೆ ಬ್ರೈಲ್ ಪರದೆಗಳ ಸೇವೆಯೊಂದು ನಿಮ್ಮ ಕೇಬಲನ್ನು ತನ್ನದೆಂದು ಎಳೆದುಕೊಂಡಿದೆ. ಉಬುಂಟು 22.04ರಲ್ಲಿ ಬಹಳ ಜನರನ್ನು ಕಾಡಿದ ತೊಂದರೆ ಇದು. ಅಂಗಡಿಯಲ್ಲಿ ಬ್ರೈಲ್ ಸಾಧನ ಬಳಸುವವರು ಇಲ್ಲದಿದ್ದರೆ ಆ ಪ್ಯಾಕೇಜ್ ತೆಗೆದುಬಿಡಿ. ಪೋರ್ಟ್ ನಿಂತ ಮೇಲೂ ಬಿಲ್ಲಿಂಗ್ ತಂತ್ರಾಂಶ ‘ಪರ್ಮಿಷನ್ ಡಿನೈಡ್’ ಎಂದರೆ ಆ ಬಳಕೆದಾರ ಸೀರಿಯಲ್ ಪೋರ್ಟ್ ಬಳಸಲು ಅನುಮತಿ ಇರುವ ಡಯಲ್‌ಔಟ್ ಗುಂಪಿನಲ್ಲಿ ಇಲ್ಲ. ಸೇರಿಸಿ, ಲಾಗ್‌ಔಟ್ ಆಗಿ ಮತ್ತೆ ಬನ್ನಿ. ತೂಕದ ಜಾಗದಲ್ಲಿ ಅರ್ಥವಿಲ್ಲದ ಅಕ್ಷರಗಳು ಬಂದರೆ ಡ್ರೈವರ್‌ನ್ನು ಬೈಯಬೇಡಿ, ವೇಗ ಹೊಂದಿಲ್ಲ. ತಕ್ಕಡಿಯ ಸೆಟ್ಟಿಂಗ್‌ನಲ್ಲಿ ಬಾಡ್ ರೇಟ್ (ಡೇಟಾ ಕಳಿಸುವ ವೇಗ) ಎಷ್ಟಿದೆ ನೋಡಿ, ಹೆಚ್ಚಿನವುಗಳಲ್ಲಿ 9600 ಇರುತ್ತದೆ, ‘ಎಸ್‌ಟಿಟಿವೈ -ಎಫ್ /ಡೆವ್/ಟಿಟಿವೈಯುಎಸ್‌ಬಿ0 9600 ರಾ’ ಎಂದು ಎಫ್ ದೊಡ್ಡಕ್ಷರದಲ್ಲಿ ಕೊಟ್ಟು ‘ಕ್ಯಾಟ್ /ಡೆವ್/ಟಿಟಿವೈಯುಎಸ್‌ಬಿ0’ ಓಡಿಸಿ. ತಟ್ಟೆಯ ಮೇಲೆ ಕಲ್ಲಿಟ್ಟರೆ ಅಂಕಿ ಪರದೆಗೆ ಬರಬೇಕು. ಕೆಲವು ತಕ್ಕಡಿಗಳು ಪ್ರಿಂಟ್ ಬಟನ್ ಒತ್ತಿದಾಗ ಮಾತ್ರ ಕಳಿಸುತ್ತವೆ, ಒತ್ತಿಯೂ ನೋಡಿ.